ಅವನು ತಂದ ಪಂಚಮಿ ಉಂಡಿ

ಮೊರದ ತುಂಬ ತೊಗರಿಬೇಳೆ. ಆ ಕಡೆ ಒಬ್ಬ ಗಂಡಸು, ಈ ಕಡೆ ಸುನೀತಾ. ಇಬ್ಬರೂ ತಲೆ ಬಗ್ಗಿಸಿಕೊಂಡು ಹರಳು ಆರಿಸುತ್ತಿದ್ದರು. ಕೂತು ಬಹಳ ಹೊತ್ತಾಗಿತ್ತು. ಒಂದು ಮಾತಿಲ್ಲ.

ಕೆಳಗಿನ ಹೊಲಿಗೆ ಅಂಗಡಿಯಲ್ಲಿ ಮಷೀನು ಓಡುತ್ತಿತ್ತು. ಅದರಾಚೆ ಸಿಂದಗಿಯ ಬಸ್ ಸ್ಟ್ಯಾಂಡು. ಬಸ್ಸೊಂದು ಹೊರಡುವ ಸದ್ದಾದಾಗಲೆಲ್ಲ ಸುನೀತಾಳ ಬೆರಳು ಬೇಳೆಯ ಮೇಲೆ ನಿಂತುಬಿಡುತ್ತಿತ್ತು. ಅವಳು ವಾರೆಗಣ್ಣಿನಲ್ಲಿ ಆಚೆ ನೋಡಿದಳು.

ಅವನ ಬೆರಳೂ ನಿಂತಿತ್ತು!

ಅವನ ಕಿವಿಯಲ್ಲಿ ಹತ್ತಿ ಇತ್ತು. ಆರಿಸಿದ ಹರಳುಗಳನ್ನು ಮೊರದ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ, ಸಣ್ಣದರಿಂದ ದೊಡ್ಡದಕ್ಕೆ. ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ.

'ಎಂಥಾ ಮನುಷ್ಯಾ ಇಂವ… ಗ್ವಾಡಿ ಮುಂದ ಕುಂತಂಗ ಕುಂತಾನಲ್ಲ…'

ಅಷ್ಟರಲ್ಲಿ ಒಂದು ಕಪ್ಪು ಹರಳು ಇಬ್ಬರ ಕಣ್ಣಿಗೂ ಒಟ್ಟಿಗೆ ಬಿತ್ತು. ಇಬ್ಬರೂ ಕೈ ಹಾಕಿದರು. ಬೆರಳಿಗೆ ಬೆರಳು ತಾಗಿತು.

ಅವನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಮೊರ ಮಗುಚಿ ಬೇಳೆ ಖೋಲಿಯ ತುಂಬ ಚೆಲ್ಲಿತು.

"ಹೇಳದ ಮುಟ್ಟಬ್ಯಾಡ್ರಿ!"

ಸುನೀತಾ ಗೋಡೆಗೆ ಒತ್ತಿಕೊಂಡಳು. ಕಣ್ಣು ತುಂಬಿ ಬಂದವು. 'ನಾನೇನು ಬೇಕಂತ ಮುಟ್ಟೀನೇನು? ನನ್ನ ಕಂಡ್ರ ಅಷ್ಟು ಹೇಸಿಕಿಯೇನು ಇವರಿಗೆ?'

ಅವನು ನೆಲ ನೋಡುತ್ತ ಕೂತ. ಮತ್ತೊಂದು ಬಸ್ಸು ಬಂದು ಹೋಯಿತು. ಆಮೇಲೆ, ಬೇಳೆಗೇ ಹೇಳುವವನಂತೆ ಮೆಲ್ಲಗೆ ಅಂದ.

"ಹೇಳಿ ಮುಟ್ಟಿದ್ರ ನಡೀತೈತ್ರಿ."

ಸುನೀತಾಳಿಗೆ ನಗು ಬರಲಿಲ್ಲ. ಆದರೆ ಅಳು ನಿಂತಿತು.

ಬಾಗಿಲಲ್ಲಿ ವಿದ್ಯಾವತಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ಬೈಯಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. "ಛಲೋ ಆತು ಬಿಡ್ರಿ, ಮತ್ತ ಮೊದಲಿಂದ ಆರಿಸೂಣು," ಎಂದು ತಾವೇ ನೆಲಕ್ಕೆ ಕೂತರು.

*

ವಿದ್ಯಾವತಿ ಗುರುವಾರಕ್ಕೊಮ್ಮೆ ಬಿಜಾಪುರದಿಂದ ಬರುತ್ತಿದ್ದರು. ಮನಸ್ಸಿಗೆ ಪೆಟ್ಟು ಬಿದ್ದವರು, ಅಂಜಿಕೆ ಹಿಡಿದವರು, ನಾಲ್ಕು ಮಂದಿಯಂತೆ ಇರಲು ಬಾರದೆ ಒದ್ದಾಡುವ ಹರೆಯದವರು, ದೊಡ್ಡವರು... ಎಲ್ಲರೂ ಆ ಖೋಲಿಯ ಮೆಟ್ಟಿಲು ಹತ್ತುತ್ತಿದ್ದರು. ವಿದ್ಯಾವತಿಗೆ ಬಿಳಿ ಕೋಟು ಇರಲಿಲ್ಲ. ಗುಳಿಗೆಯನ್ನೂ ಕೊಡುತ್ತಿರಲಿಲ್ಲ. ಕೈಗೆ ಒಂದು ಕೆಲಸ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದರು, ಅಷ್ಟೇ.

"ಕೈ ಕೆಲಸದಾಗ ಇದ್ರ ಬಾಯಿಗೆ ಅಂಜಿಕಿ ಕಡಿಮಿ," ಎನ್ನುತ್ತಿದ್ದರು. "ಮಾತು ಬಂದಾಗ ಬರಲಿ. ಬರಲಿಲ್ಲಂದ್ರ ಬ್ಯಾಳಿಯರ ಹಸನಾಗತೈತಿ."

ಸುನೀತಾಳ ಬಾಯಿ ತೆರೆಯಲು ಮೂರು ಗುರುವಾರ ಬೇಕಾದವು.

ಏಳನೆಯ ತರಗತಿಗೇ ಸಾಲಿ ಬಿಟ್ಟ ಹುಡುಗಿ ಅವಳು. ಅಪ್ಪ ಇರಲಿಲ್ಲ. ತಾಯಿ ಚನ್ನವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಮನೆಗೆ ಆಸರೆ ಎಂದರೆ ಅಣ್ಣ ಸಿದ್ದಾರೂಢ.

ಎರಡು ವರ್ಷದ ಹಿಂದೆ ಸುನೀತಾ ಅವ್ವನ ತಂಗಿ ಚಿಗವ್ವನ ಬಾಣಂತನಕ್ಕೆಂದು ಹೊರ್ತಿ ಎಂಬ ಊರಿಗೆ ಹೋಗಿದ್ದಳು. ಶ್ರಾವಣ ಬಂದಾಗ ಅವ್ವನ ನೆನಪು ತಡೆಯಲಾಗಲಿಲ್ಲ. "ಪಂಚಮಿಗೆ ನನ್ನ ಕರಕೊಂಡು ಹೋಗಾಕ ಬಾ ಅಣ್ಣಾ," ಎಂದು ಊರಿನವರ ಕೈಲಿ ಹೇಳಿ ಕಳಿಸಿದಳು. ಅಣ್ಣ ಬಂದ. ತಿರುಗಿ ಬರುವಾಗ ಕಿಟಕಿಯ ಪಕ್ಕ ಕೂತಿದ್ದವಳನ್ನು ಎಬ್ಬಿಸಿದ.

"ಈ ಕಡೆ ಸರಿ ಸುನ್ನಿ. ಗಾಳಿ ಬಡದು ಮತ್ತ ತಲಿ ನೋವು ಅಂತೀ."

ಎದುರಿಗೆ ಬಂದ ಎತ್ತಿನ ಗಾಡಿಯನ್ನು ತಪ್ಪಿಸಲು ಹೋಗಿ ಬಸ್ಸು ಹಳ್ಳಕ್ಕೆ ಉರುಳಿತು. ಕಿಟಕಿಯ ಕಡೆಯೇ ಕೆಳಗಾಯಿತು. ಚಿಗವ್ವ ಕಟ್ಟಿಕೊಟ್ಟಿದ್ದ ಉಂಡಿಗಳು ಡಬ್ಬಿಯಿಂದ ಚೆಲ್ಲಿ ಅಣ್ಣನ ಸುತ್ತ ಬಿದ್ದಿದ್ದವು...

ಅಲ್ಲಿಂದಾಚೆಗೆ ಆ ಮನೆಯಲ್ಲಿ ಪಂಚಮಿ ಇಲ್ಲ. ಸುನೀತಾ ಬಸ್ಸು ಹತ್ತಲಿಲ್ಲ. ಬಸ್ಸಿನ ಸದ್ದಾದರೆ ಸಾಕು, ಎದೆ ಹೊಡೆದುಕೊಂಡು, ಉಸಿರು ಸಿಗದೆ, ಕೈಕಾಲು ತಣ್ಣಗಾಗುತ್ತಿದ್ದವು. ಚನ್ನವ್ವ ತಾಯತ ಕಟ್ಟಿಸಿದಳು, ನಿಂಬೆಹಣ್ಣು ಇಳಿಸಿದಳು, ಮಠದ ಅಂಗಾರ, ದರ್ಗಾದ ದಾರ... ದಣಿದು ಹೋದಳು. ಕೊನೆಗೆ ಖಾನಾವಳಿಯಲ್ಲಿ ಉಣ್ಣಲು ಬರುತ್ತಿದ್ದ ವಿದ್ಯಾವತಿಯೇ ಒಂದು ದಿನ, "ನನ್ನ ಕಡೆ ಕಳಿಸಿ ನೋಡ್ರಿ ಅವ್ವಾರ," ಎಂದಿದ್ದರು.

ಓಣಿ ಸುಮ್ಮನಿರುತ್ತದೆಯೇ? ಎದುರುಮನೆಯ ಇಂದ್ರಾಬಾಯಿ ಕಟ್ಟೆಯ ಮೇಲಿಂದಲೇ ಕೂಗಿದಳು.

"ಯಾಕ ಚನ್ನವ್ವಾ, ಮಗಳನ್ನ ಹುಚ್ಚರ ಖೋಲಿಗೆ ಕಳಸಾಕತ್ತೀಯಂತ? ನಾಳೆ ಯಾರು ಮಾಡ್ಕೋತಾರ ಆಕಿನ್ನ?"

"ಬ್ಯಾಳಿ ಆರಸಾಕ ಹೋಗ್ತಾಳ. ನಿನ್ನವೂ ಇದ್ರ ಕೊಡು, ಆರಿಸಿಕೊಂಡು ಬರ್ತಾಳ!"

ಚನ್ನವ್ವ ಹಾಗೆ ಅಂದಳೇನೋ ನಿಜ. ಒಳಗೆ ಬಂದು ಮಾತ್ರ ಒಲೆಯ ಮುಂದೆ ಸುಮ್ಮನೆ ಕೂತಳು. ಸುನೀತಾ ಎಲ್ಲವನ್ನೂ ನೋಡುತ್ತಿದ್ದಳು. ನೋಡುವುದೊಂದೇ ಅವಳಿಗೆ ಬರುತ್ತಿದ್ದುದು.

*

ಅವನ ಹೆಸರು ಅರುಣಕುಮಾರ. ಊರು ಆಲಮೇಲ. ಸಿಂದಗಿಯಲ್ಲಿ ಬಾಬುಲಾಲನ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ. ತಂದೆ ತಾಯಿ ಇಲ್ಲ, ಅಕ್ಕ ತಂಗಿ ಇಲ್ಲ. ಇದ್ದವಳು ಆಯಿ, ಅಂದರೆ ಅಜ್ಜಿ, ಸುಂದರವ್ವ ಒಬ್ಬಳೇ.

ಗದ್ದಲ ಅವನಿಗೆ ಆಗುತ್ತಿರಲಿಲ್ಲ. ಮಂದಿ ಮೈಗೆ ಮೈ ತಾಗಿಸಿದರೆ ಆಗುತ್ತಿರಲಿಲ್ಲ. ಯಾರು ಏನಂದರೂ ಅಂದಷ್ಟೇ ತಿಳಿಯುತ್ತಿತ್ತು, ಅದರ ಹಿಂದಿನದು ತಿಳಿಯುತ್ತಿರಲಿಲ್ಲ. ಊರಿನವರು ಮೊದ್ದ ಅಂದರು, ಸೊಕ್ಕಿನವ ಅಂದರು. ವಿದ್ಯಾವತಿ ಮಾತ್ರ, "ಕೆಲವರು ಹುಟ್ಟಿದಾಗಿಂದ ಬ್ಯಾರೆ ಥರ ಇರ್ತಾರ. ಅದು ರೋಗ ಅಲ್ಲ. ಆದ್ರ ಬಾಳ ದಣಿಸತೈತಿ," ಅಂದಿದ್ದರು. ಆ ಮಾತನ್ನು ಅವನೇ ಸುನೀತಾಳಿಗೆ ಹೇಳಿದ, ಬೇಳೆ ಆರಿಸುತ್ತ.

"ನಿಮಗ ದಣಿವಾಗತೈತೇನ್ರಿ?" ಎಂದು ಕೇಳಿದ.

ಎರಡು ವರ್ಷದಲ್ಲಿ ಇಷ್ಟೊಂದು ಮಂದಿ ಅವಳನ್ನು ನೋಡಿ ಹೋಗಿದ್ದರು. ಯಾರೂ ಇದನ್ನು ಕೇಳಿರಲಿಲ್ಲ!

"ಬಾಳ ದಣಿವಾಗೈತ್ರಿ," ಅಂದಳು. ಹೇಳುವಾಗ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಬೇಸಿಗೆಯಲ್ಲಿ ಬಸ್ಸಿನ ಪಾಠ ಶುರುವಾಯಿತು. ಮೊದಲು ಸ್ಟ್ಯಾಂಡಿನ ಕಂಬದ ಹತ್ತಿರ ಬರೀ ನಿಲ್ಲುವುದು. ಆಮೇಲೆ ನಿಂತ ಬಸ್ಸನ್ನು ಹತ್ತಿ, ಕೂತು, ಇಳಿದುಬಿಡುವುದು. ಇಬ್ಬರೂ ಜೊತೆಗೆ. ವಿದ್ಯಾವತಿ ಕೆಳಗೆ ನಿಂತಿರುತ್ತಿದ್ದರು.

"ಎದಿ ಹೊಡಕೋತೈತಿ ಅಕ್ಕಾ…"

"ಹೊಡಕೊಳ್ಳಲಿ. ಅದಕ್ಕ ಬೈಬ್ಯಾಡ. ಕಣ್ಣಿಗೆ ಏನು ಕಾಣತೈತಿ, ಅದನ್ನ ಹೇಳ್ತಾ ಹೋಗು. ಸಾಕು ಅನ್ನಿಸಿದ್ರ ಇಳಿ. ನಾಳೆ ಮತ್ತ ಬಸ್ಸು ಬರತೈತಿ."

ಆಲಮೇಲ ಬಸ್ಸಿನ ಕಂಡಕ್ಟರ್ ಶಮಶುದ್ದೀನ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಏನ್ರಿ ಇದು, ವಾರಾ ವಾರಾ ಹತ್ತತೀರಿ, ಇಳೀತೀರಿ! ಇದು ಬಸ್ಸೋ ಜೋಕಾಲಿಯೋ?"

"ಬಸ್ಸರಿ," ಅಂದ ಅರುಣಕುಮಾರ, ಗಂಭೀರವಾಗಿ.

ಸುನೀತಾ ಸೆರಗು ಬಾಯಿಗಿಟ್ಟುಕೊಂಡಳು. ಎಷ್ಟು ದಿನವಾಗಿತ್ತು ಅವಳು ಹೀಗೆ ನಕ್ಕು!

ಒಂದು ಗುರುವಾರ ಮೊದಲ ಸ್ಟಾಪಿನ ತನಕ ಹೋಗಿ ಬರುವುದೆಂದಾಯಿತು. ಬಸ್ಸು ಊರು ದಾಟಿತು. ಸುನೀತಾ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಷ್ಟರಲ್ಲಿ ದಾರಿಗೆ ಎಮ್ಮೆಗಳು ಅಡ್ಡ ಬಂದವು. ಡ್ರೈವರ್ ಹಾರ್ನ್ ಒತ್ತಿದವನು ಬಿಡಲೇ ಇಲ್ಲ.

ಪಕ್ಕಕ್ಕೆ ನೋಡಿದರೆ... ಅರುಣಕುಮಾರ ಕಲ್ಲಾಗಿದ್ದ. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದಿದ್ದ. ಕಣ್ಣು ಒಂದೇ ಕಡೆ ನೆಟ್ಟಿದ್ದವು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ.

ಸುನೀತಾ 'ಏನಾತ್ರಿ?' ಎಂದು ಕೇಳಲಿಲ್ಲ. ಮುಟ್ಟಲೂ ಇಲ್ಲ. ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳತೊಡಗಿದಳು.

"ಹರಗಿದ ಹೊಲ… ಬೇವಿನ ಗಿಡ… ಬಿಳಿ ಎತ್ತು… ಒಬ್ಬಾಕಿ ಬುಟ್ಟಿ ಹೊತ್ತಾಳ, ಬುಟ್ಟಿ ಮ್ಯಾಲ ಕೆಂಪು ಅರಿವಿ ಐತಿ… ಮತ್ತ ಬೇವಿನ ಗಿಡ…"

ಸ್ಟಾಪು ಬಂತು. ಇಳಿದ ಮೇಲೆ ಅವಳಿಗೆ ಹೊಳೆಯಿತು, ಅಷ್ಟು ಹೊತ್ತು ತನಗೆ ಅಂಜಿಕೆಯೇ ಆಗಿರಲಿಲ್ಲ!

ಅರುಣಕುಮಾರನ ಮಾತು ತಿರುಗಿ ಬರಲು ಹೊತ್ತು ಹಿಡಿಯಿತು. ಬೇವಿನ ನೆರಳಲ್ಲಿ ನಿಂತು, ನೆಲ ನೋಡುತ್ತ ಅಂದ.

"ಗದ್ದಲಾದ್ರ, ಇಲ್ಲಾ ಯಾರರ ಗಪ್ಪನ ಹಿಡಕೊಂಡ್ರ ನನ್ನ ಮಾತು ನಿಂತ ಬಿಡತೈತ್ರಿ. ಎಲ್ಲಾರೂ ಏನಾತು ಏನಾತು ಅಂತ ಕೇಳ್ತಾರ. ನೀವು ಕೇಳಲಿಲ್ಲ." ಬಿದ್ದಿದ್ದ ಬೇವಿನೆಲೆಯೊಂದನ್ನು ಎತ್ತಿಕೊಂಡ. "ನೀವು ಬಾಜೂಕ ಇದ್ರ ಛಲೋ ಅನ್ನಿಸತೈತ್ರಿ."

ಆ ರಾತ್ರಿ ಸುನೀತಾ ನಿದ್ದೆ ಮಾಡಿದಳು. ಬಸ್ಸು ಕನಸಿಗೆ ಬರಲಿಲ್ಲ. 'ಛಲೋ ಅನ್ನಿಸತೈತಿ…' ಎಂಬ ಒಂದೇ ಮಾತು ಕಿವಿಯಲ್ಲಿತ್ತು.

*

ಶ್ರಾವಣ ಬಂತು. ಓಣಿಯ ತುಂಬ ಬೆಲ್ಲದ ಪಾಕದ ವಾಸನೆ, ಹುರಿದ ಎಳ್ಳಿನ ವಾಸನೆ. ಹುಡುಗಿಯರು ಜೋಕಾಲಿ ಕಟ್ಟಿದ್ದರು. ಚನ್ನವ್ವನ ಮನೆಯಲ್ಲಿ ಮಾತ್ರ ಖಾನಾವಳಿಯ ರೊಟ್ಟಿ ಬಿಟ್ಟರೆ ಬೇರೇನೂ ಬೇಯಲಿಲ್ಲ.

ಪಂಚಮಿಯ ಹಿಂದಿನ ದಿನ ಸಂಜೆ ಬಾಗಿಲಲ್ಲಿ ನೆರಳು ಬಿತ್ತು.

ಅರುಣಕುಮಾರ! ಹೊಸ ಅಂಗಿ. ಎರಡೂ ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯ ಮೇಲೆ ಕೊಬ್ಬರಿ ಬಟ್ಟಲು.

ಸುನೀತಾಳ ಎದೆ ಹಾರಿತು. ಅಂಜಿಕೆಯಿಂದಲ್ಲ.

"ಉಂಡಿ ತಂದೇನ್ರಿ," ಅಂದ ಅವನು. "ಶೇಂಗಾದ್ದು, ಎಳ್ಳಿಂದು. ನಾನ ಕಟ್ಟೀನಿ."

ಅವಳು ಡಬ್ಬಿಯನ್ನೇ ನೋಡಿದಳು.

ಈ ಕಡೆಯ ಊರುಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಪಂಚಮಿಗೆ ಹೆಣ್ಣಿನ ಬಾಗಿಲಿಗೆ ಉಂಡಿ ಹೊತ್ತು ಬರುವವನು ತವರಿನವನು. ಅಣ್ಣ, ಇಲ್ಲವೇ ತಮ್ಮ. ಲಗ್ನ ಗೊತ್ತಾದ ಬೀಗರು ತಂದರೆ ಬೇರೆ. ಇಲ್ಲಿ ಅಂಥ ಮಾತೇ ಎದ್ದಿರಲಿಲ್ಲ.

'ಅಣ್ಣ ಆಗಿ ಬಂದಾರ… ನನ್ನ ತಂಗಿ ಅಂದ್ಕೊಂಡಾರ…'

ಒಳಗಿನಿಂದ ಚನ್ನವ್ವ ಹಿಟ್ಟಿನ ಕೈಯಲ್ಲೇ ಬಂದಳು. ಡಬ್ಬಿ ನೋಡಿದಳು. ಕೊಬ್ಬರಿ ಬಟ್ಟಲು ನೋಡಿದಳು. ಅವನ ಮುಖ ನೋಡಿದಳು. ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಅಳು ಒಮ್ಮೆಲೇ ಹೊರಗೆ ಬಂತು.

"ಯಪ್ಪಾ… ನನ್ನ ಸಿದ್ದಾ ಬಂದಂಗಾತಲ್ಲೋ!"

ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಹೊಸ ಅಂಗಿಯ ಬೆನ್ನ ಮೇಲೆ ಜೋಳದ ಹಿಟ್ಟಿನ ಎರಡು ಕೈ ಮೂಡಿದವು.

"ಸುನ್ನಿ, ಯಾಕ ನಿಂತೀ? ನಿಮ್ಮಣ್ಣಗ ನೀರು ಕೊಡು!"

ಸುನೀತಾ ನೀರು ತಂದಳು. ಅವನು 'ಅಲ್ಲ' ಅನ್ನುತ್ತಾನೆ ಎಂದು ಕಾದಳು. ಒಂದೇ ಒಂದು ಮಾತು... ಅವನು ಅನ್ನಲಿಲ್ಲ. ನೀರು ಮುಟ್ಟಲಿಲ್ಲ. ಚನ್ನವ್ವ ಬಿಟ್ಟ ಕೂಡಲೇ ತಿರುಗಿ, ಹಿಂದೆ ನೋಡದೆ ಓಣಿ ದಾಟಿ ಹೋಗಿಬಿಟ್ಟ.

ಮರುದಿನ ನಾಗಪ್ಪನಿಗೆ ಹಾಲೆರೆಯುವ ಹೊತ್ತು. ಹೆಂಗಸರು ಒಬ್ಬೊಬ್ಬರ ಹೆಸರು ಹೇಳಿ ಹಾಲು ಹಾಕುತ್ತಿದ್ದರು. ಅಪ್ಪನ ಪಾಲು, ಅವ್ವನ ಪಾಲು...

"ಅಣ್ಣನ ಪಾಲು ಹಾಕು," ಅಂದಳು ಚನ್ನವ್ವ. "ಎರಡು ವರ್ಷ ಆತು ಹಾಕಿಲ್ಲ. ಈಗ ಅದಾನಲ್ಲ."

ಸುನೀತಾ ಹಾಲಿನ ಬಟ್ಟಲು ಎತ್ತಿದಳು. 'ಇದು ನಿಂದ ಸಿದ್ದಣ್ಣಾ. ಅವರದಲ್ಲ. ಅವರ ಪಾಲು ನಾ ಹ್ಯಾಂಗ ಹಾಕಲಿ?'

ಆ ದಿನ ಚನ್ನವ್ವ ತಲೆ ಬಾಚಿಕೊಂಡಳು. ಇಂದ್ರಾಬಾಯಿಯ ಮನೆಗೆ ಉಂಡಿ ಕೊಟ್ಟು ಬಂದಳು. "ಮಗ ತಂದಾನ," ಎಂದು ಹೇಳಿ ಬಂದಳು! ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಸುನೀತಾ ಮೂಲೆಯಲ್ಲಿ ಕೂತು ಅವ್ವನನ್ನೇ ನೋಡಿದಳು. ತನ್ನನ್ನು ಕರೆಯಲು ಬಂದು ಅಣ್ಣ ಹೋದ. ಈಗ ಬಾಯಿ ಬಿಟ್ಟರೆ ಅವ್ವನಿಂದ ಇನ್ನೊಬ್ಬ ಮಗನನ್ನೂ ಕಸಿದಂತೆ. ಬಾಯಿ ಬಿಡದಿದ್ದರೆ... ಜೀವನಪೂರ್ತಿ ಅವನನ್ನು ಅಣ್ಣ ಅನ್ನಬೇಕು.

ಆಗಲಿಲ್ಲ ಅವಳಿಗೆ. ಗುರುವಾರ ಬಂತು, ಹೋಗಲಿಲ್ಲ. ಮತ್ತೊಂದು ಗುರುವಾರವೂ ಹೋಗಲಿಲ್ಲ. ಬಸ್ಸಿನ ಸದ್ದಿಗೆ ಮತ್ತೆ ಕೈಕಾಲು ತಣ್ಣಗಾಗತೊಡಗಿದವು.

*

ವಿದ್ಯಾವತಿಯೇ ಮನೆಗೆ ಬಂದರು. ಬಿಸಿಲಲ್ಲಿ ನಡೆದು ಬಂದ ಮುಖ ಸೋತಿತ್ತು. ಚನ್ನವ್ವ ಖಾನಾವಳಿಗೆ ರೊಟ್ಟಿ ಕೊಡಲು ಹೋಗಿದ್ದಳು. ಮೊರದಲ್ಲಿ ಬೇಳೆ ಇತ್ತು. ವಿದ್ಯಾವತಿ ಕೂತು ಆರಿಸತೊಡಗಿದರು.

"ಅಕ್ಕಾ… ಅವರು ಅಣ್ಣ ಆಗಿ ಬಂದ್ರು," ಅಂದಳು ಸುನೀತಾ. ಅಲ್ಲಿಗೆ ಕಟ್ಟೆ ಒಡೆಯಿತು. ಉಂಡಿ, ಹಿಟ್ಟಿನ ಕೈ, ಹಾಲಿನ ಪಾಲು... ಎಲ್ಲ ಹೇಳಿ ಅತ್ತಳು.

"ನಿಮಗ ಅವರು ಏನರ ಹೇಳ್ಯಾರೇನ್ರಿ?"

"ಆ ಖೋಲಿಯೊಳಗ ಯಾರು ಏನು ಹೇಳಿದ್ರೂ ನಾ ಹೊರಗ ಹೇಳಾಂಗಿಲ್ಲ ಸುನೀತಾ. ನೀ ಹೇಳಿದ್ದನ್ನೂ ಅವರಿಗೆ ಹೇಳಾಂಗಿಲ್ಲ." ವಿದ್ಯಾವತಿ ಒಂದು ಹರಳು ಎತ್ತಿ ಪಕ್ಕಕ್ಕಿಟ್ಟರು. "ಆದ್ರ ಬಸ್ಸಿನ್ಯಾಗ ಮಾಡ್ತೀಯಲ್ಲ, ಹಂಗ ಮಾಡು. ಅವತ್ತು ಕಣ್ಣಿಗೆ ಏನೇನು ಕಂಡಿತು, ಅಷ್ಟ ಹೇಳು. ನಿನಗ ಏನನ್ನಿಸ್ತು, ಅದು ಬ್ಯಾಡ."

ಸುನೀತಾ ಕಣ್ಣು ಮುಚ್ಚಿದಳು.

"ಹೊಸಾ ಅಂಗಿ… ಡಬ್ಬಿ… ಅವ್ವ ಹಿಡಕೊಂಡ್ಳು. ಡಬ್ಬಿ ನಾ ತಗೊಂಡೆ. ಅವರ ಕೈ ಕೆಳಗ ಇದ್ದವು. ಮುಷ್ಟಿ ಮಾಡಿದ್ರು. ಹೆಬ್ಬೆರಳು…"

ಅವಳು ಕಣ್ಣು ತೆರೆದಳು.

"ಹೆಬ್ಬೆರಳು ಒಳಗ ಇದ್ದವು ಅಕ್ಕಾ!"

ಹಾರ್ನ್ ಹೊಡೆದ ದಿನದಂತೆಯೇ! ಅವನು ಸುಮ್ಮನಿದ್ದದ್ದು ಒಪ್ಪಿ ಅಲ್ಲ... ಮಾತೇ ಬಂದಿರಲಿಲ್ಲ! ಅಷ್ಟೆಲ್ಲ ನೋಡುವ ತಾನು ಅದನ್ನು ಹೇಗೆ ನೋಡಲಿಲ್ಲ?

"ಎಲ್ಲಿ ಅದಾರ ಅವರು?"

"ಪಂಚಮಿಗೆ ಆಲಮೇಲಕ್ಕ ಹೋದವರು ಬಂದಿಲ್ಲಂತ. ಬಾಬುಲಾಲ ಅಂಗಡಿ ಮುಂದ ನಿಂತು ಎಲ್ಲಾರ ಮುಂದನೂ ಒದರಾಕತ್ತಾನ, ಅದನ್ನ ಹೇಳಿದ್ರ ತಪ್ಪಿಲ್ಲ." ವಿದ್ಯಾವತಿ ದಣಿದ ಮುಖದಲ್ಲೇ ನಕ್ಕರು. "ನಾ ಜೋಡಿ ಬರಲೇನು?"

ಸುನೀತಾ ಬೇಡವೆಂದು ತಲೆ ಅಲ್ಲಾಡಿಸಿದಳು.

*

"ಇವತ್ತ ಇಳ್ಯಾಂಗಿಲ್ಲೇನವ್ವಾ?" ಎಂದ ಶಮಶುದ್ದೀನ.

"ಆಲಮೇಲಕ್ಕ ಒಂದು ಕೊಡ್ರಿ."

ಅವನು ನಗೆಯಾಡಲು ಬಾಯಿ ತೆರೆದವನು, ಅವಳ ಮುಖ ನೋಡಿ ಸುಮ್ಮನೆ ಟಿಕೆಟ್ ಹರಿದು ಕೊಟ್ಟ.

ಕಿಟಕಿಯ ಪಕ್ಕದ ಸೀಟೇ ಖಾಲಿ ಇತ್ತು. ಅಲ್ಲೇ ಕೂತಳು. ಬಸ್ಸು ಹೊರಟಿತು. ಎದೆ ಹೊಡೆದುಕೊಂಡಿತು, ಬೆವರು ಇಳಿಯಿತು, ಕಣ್ಣಿಗೆ ಕತ್ತಲೆ ಬಂದಂತಾಯಿತು. ಇಳಿದುಬಿಡಲೇ? ಮೊದಲ ಸ್ಟಾಪಿನ ಬೇವಿನ ಗಿಡ ಬಂದು ಹಿಂದೆ ಹೋಯಿತು.

"ತೊಗರಿ ಹೊಲ… ಕಬ್ಬು… ಎಮ್ಮಿ… ಕಬ್ಬಿನ ಗಾಡಿ…"

ಪಕ್ಕದ ಮುದುಕಿ ಅನುಮಾನದಿಂದ ಸರಿದು ಕೂತಳು. ಸುನೀತಾ ಹೇಳುತ್ತಲೇ ಹೋದಳು. ಅಳು ಬಂತು, ಅಳುತ್ತಲೇ ಹೇಳಿದಳು. ಆಲಮೇಲ ಬಂತು. ಒಬ್ಬಳೇ ಬಂದು ಇಳಿದಿದ್ದಳು!

ಕೇಳಿಕೊಂಡು ಹೋದಾಗ ಸುಂದರವ್ವ ಕಟ್ಟೆಯ ಮೇಲೆ ಕೂತಿದ್ದಳು. ಅಂಗಳದ ಹಗ್ಗದ ಮೇಲೆ ಆ ಹೊಸ ಅಂಗಿ. ಬೆನ್ನ ಮೇಲೆ ಹಿಟ್ಟಿನ ಎರಡು ಕೈ ಇನ್ನೂ ಹಾಗೇ ಇದ್ದವು.

"ತೊಳೀತೀನಿ ಅಂದ್ರ ಕೊಡವಲ್ಲ ನೋಡವ್ವಾ," ಅಂದಳು ಮುದುಕಿ. "ಯಾರು ನೀನು?"

ಒಳಗಿನಿಂದ ಅರುಣಕುಮಾರ ಬಂದ. ನಿಂತ. ಅವಳ ಚಪ್ಪಲಿ ನೋಡಿದ, ಧೂಳು ನೋಡಿದ.

"ಬಸ್ಸಿನ್ಯಾಗ ಬಂದ್ರೇನ್ರಿ?"

"ಹೌದ್ರಿ."

"ಒಬ್ಬರ?"

"ಒಬ್ಬಾಕೀನ."

ಅವನ ಮುಖ ಅರಳಿತು. ಮರುಕ್ಷಣ ಬಾಡಿತು.

"ಉಂಡಿ ಅಣ್ಣ ಒಯ್ಯೂದು ಅಂತ ನನಗ ಗೊತ್ತಿರಲಿಲ್ಲರಿ. ನಮ್ಮ ಮನ್ಯಾಗ ಹೆಣ್ಣು ಹುಡುಗರಿಲ್ಲ. ಯಾರಿಗೆ ಒಯ್ಯಬೇಕು ಅಂತ ಆಯಿನ್ನ ಕೇಳಿದ್ನಿ. ಯಾರ ಮ್ಯಾಲ ಜೀವ ಐತೋ ಅವರಿಗೆ ಒಯ್ಯಿ ಅಂದ್ಳು." ಹಗ್ಗದ ಮೇಲಿನ ಅಂಗಿ ನೋಡಿದ. "ನನಗ ನಿಮ್ಮ ಮ್ಯಾಲ ಜೀವ ಐತಿ. ಅದಕ್ಕ ನಿಮಗ ತಂದ್ನಿ."

ಕಟ್ಟೆಯ ಮೇಲೆ ಸುಂದರವ್ವ ಹಣೆ ಹಣೆ ಬಡಿದುಕೊಂಡಳು. "ಎಲಾ ಇವನ! ಆ ಬಿಜಾಪುರದ ಅಕ್ಕಾವ್ರಿಗೆ ಒಯ್ಯಾಕತ್ತಾನ ಅಂದ್ಕೊಂಡೆ ನಾನು! ಲಗ್ನಾ ಮಾಡ್ಕೋಬೇಕಾದಾಕಿಗೆ ಪಂಚಮಿ ಉಂಡಿ ಒಯ್ದು ಕೊಟ್ಟು ಬಂದಾನಲ್ಲ ಹುಚ್ಚಪ್ಪ!"

ಸುನೀತಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮತ್ತ ಯಾಕ ಬಂದು ಹೇಳಲಿಲ್ಲ ನೀವು? ನಾ ಅಲ್ಲಿ ದಿನಾ ಸಾಯಾಕತ್ತೇನಿ…"

"ನಾ ಅಣ್ಣ ಅಲ್ಲ ಅಂದ್ರ ನಿಮ್ಮ ಅವ್ವ ಮತ್ತ ಅಳತಾರ. ಅಣ್ಣ ಅಂದ್ರ ಸುಳ್ಳಾಗತೈತಿ. ಎರಡೂ ಆಗಲಿಲ್ಲರಿ. ಅದಕ್ಕ ಇಲ್ಲೇ ಕುಂತ್ನಿ."

ಎರಡೂ ಆಗಲಿಲ್ಲ! ಅವಳ ಎದೆಯಲ್ಲಿದ್ದುದೂ ಅದೇ ಅಲ್ಲವೇ? ಸಿಂದಗಿಯ ಮೂಲೆಯಲ್ಲಿ ಅವಳು, ಆಲಮೇಲದ ಮೂಲೆಯಲ್ಲಿ ಅವನು, ಒಂದೇ ಸಂಕಟ ಹಿಡಿದು ಕೂತಿದ್ದರು.

"ನನಗೂ ನಿಮ್ಮ ಮ್ಯಾಲ ಜೀವ ಐತಿ," ಅಂದಳು ಸುನೀತಾ. ಜೀವಮಾನದಲ್ಲಿ ಇಷ್ಟು ನೇರವಾಗಿ ಅವಳು ಏನನ್ನೂ ಹೇಳಿರಲಿಲ್ಲ. "ನಡೀರಿ. ಅವ್ವಗ ಹೇಳೂಣು. ಆಕಿ ಅತ್ರ ಜೋಡಿ ಕುಂದ್ರೂಣು."

ಸಂಜೆಯ ಬಸ್ಸಿನಲ್ಲಿ ಮಂದಿ ಕಡಿಮೆ ಇದ್ದರು. ಅವನು ಕಿವಿಗೆ ಹತ್ತಿ ಇಟ್ಟುಕೊಂಡ, ಅವಳು ಕಂಬಿ ಹಿಡಿದಳು. ಇಬ್ಬರೂ ದಣಿದಿದ್ದರು. ಕಬ್ಬಿನ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು.

"ಮುಟ್ಲೇನ್ರಿ?" ಎಂದು ಕೇಳಿದಳು ಮೆಲ್ಲಗೆ.

ಅವನು ಯೋಚಿಸಿದ. ಸುಮ್ಮನೆ ಹ್ಞೂಂ ಅನ್ನುವವನಲ್ಲ ಅವನು.

"ಎಷ್ಟೊತ್ತು?"

"ಸಿಂದಗಿ ಬರೂತನ."

"ಹ್ಞೂಂ. ಗಟ್ಟಿ ಹಿಡೀರಿ. ಸಡಲ ಹಿಡದ್ರ ಕಚಗುಳಿ ಆಗತೈತಿ."

ಅವಳು ಕಂಬಿ ಬಿಟ್ಟು ಅವನ ಕೈ ಹಿಡಿದಳು. ಅವನ ಹೆಬ್ಬೆರಳು ಹೊರಗಿತ್ತು. ಅದು ಅವಳ ಕೈ ಮೇಲೆ ಬಂದು ಕೂತಿತು.

*

ಚನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಸುನೀತಾ ಒಲೆಯ ಮುಂದೆ ಕೂತು ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಬಾಗಿಲಲ್ಲಿ ಅರುಣಕುಮಾರ ನಿಂತಿದ್ದ.

"ನಾ ಅಣ್ಣ ಅಲ್ಲರಿ," ಅಂದ ಅವನು. "ಅವತ್ತ ಹೇಳಬೇಕಿತ್ತು. ಮಾತು ಬರಲಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಚನ್ನವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ನನಗ ಅವತ್ತ ಗೊತ್ತಾಗಿತ್ತವ್ವಾ. ನಿಮ್ಮಣ್ಣಗ ನೀರು ಕೊಡು ಅಂದಾಗ ನಿನ್ನ ಮಾರಿ ನೋಡಿದ್ನಲ್ಲ… ಗೊತ್ತಿದ್ದೂ ಸುಮ್ಮನಿದ್ದೆ. ಇನ್ನೊಂದೆರಡು ದಿನ ಮಗ ಇರಲಿ ಅಂತ."

ಸುನೀತಾ ಅವ್ವನ ಹೆಗಲಿಗೆ ತಲೆಯಿಟ್ಟಳು. "ನಾ ಅಣ್ಣನ್ನ ಕರಸದಿದ್ರ…"

"ಹುಚ್ಚಿ. ಪಂಚಮಿಗೆ ತಂಗಿ ಕರಸದ ಮತ್ಯಾರು ಕರಸತಾರ?" ಚನ್ನವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು. ಆಮೇಲೆ ಬಾಗಿಲಿನ ಕಡೆ ತಿರುಗಿದಳು. "ಒಳಗ ಬಾ, ಕುಂದರು. ಹೊಟ್ಟಿ ಹಸದಿರಬೇಕು."

ಅವನು ಬಂದು ಕೂತ. ಚನ್ನವ್ವನ ಕೈ ಅವನ ತಲೆಯ ಕಡೆ ಹೋಗಿ, ನಡುವೆ ನಿಂತಿತು.

"ಮುಟ್ಲೇನಪ್ಪಾ?"

"ಹ್ಞೂಂ ರಿ."

ಹಿಟ್ಟಿನ ಕೈ ಅವನ ಕೂದಲ ಮೇಲೆ ಸ್ವಲ್ಪ ಹೊತ್ತು ಇದ್ದು, ತಿರುಗಿ ಬಂತು. ಅವಳು ಗಂಗಾಳದಲ್ಲಿ ಬಿಸಿ ರೊಟ್ಟಿ ಹಾಕಿದಳು, ಬೇಳೆ ಹಾಕಿದಳು. ಎದ್ದು, ಸಿದ್ದಾರೂಢನ ಫೋಟೋದ ಮುಂದೆ ಇಟ್ಟಿದ್ದ ಸ್ಟೀಲ್ ಡಬ್ಬಿ ತಂದಳು. ಒಂದೇ ಒಂದು ಉಂಡಿ ಉಳಿದಿತ್ತು. ಅದನ್ನು ಮುರಿದು ಇಬ್ಬರ ಗಂಗಾಳಕ್ಕೂ ಅರ್ಧರ್ಧ ಇಟ್ಟಳು. ಖಾಲಿ ಡಬ್ಬಿಯನ್ನು ಸೆರಗಿನಿಂದ ಒರೆಸಿ, ಅವನ ಪಕ್ಕದಲ್ಲಿ ಇಟ್ಟಳು.

"ಮುಂದಿನ ಪಂಚಮಿಗೂ ಉಂಡಿ ನೀನ ತಗೊಂಡು ಬಾರಪ್ಪ. ಅಣ್ಣ ಆಗಿ ಅಲ್ಲ, ಬೀಗರ ಕಡಿಂದ," ಅಂದಳು.

ಅರುಣಕುಮಾರನ ಕೈ ತುತ್ತಿನ ಮೇಲೆ ನಿಂತಿತು. ಅವನು ಸುನೀತಾಳನ್ನು ನೋಡಿದ. ಸುನೀತಾ ಒಲೆಯ ಬೆಂಕಿ ನೋಡಿದಳು. ಹೆಂಚಿನ ಮೇಲೆ ಇನ್ನೊಂದು ರೊಟ್ಟಿ ಉಬ್ಬುತ್ತಿತ್ತು.